ಬೀದರ್ ಶಾಲಾ ನಾಟಕ ಪ್ರಕರಣ: ಕಹಿ ಮಾತು ಯಾವಾಗ ಅಪರಾಧವಾಗುತ್ತದೆ?

2020ರ ಜನವರಿ 21ರಂದು ಬೀದರ್‌ನ ಶಾಹೀನ್ ಶಾಲೆಯಲ್ಲಿ ಮಕ್ಕಳು ಒಂದು ಚಿಕ್ಕ ನಾಟಕ ಆಡಿದರು. ಆಡಿದವರು ನಾಲ್ಕು, ಐದು, ಆರನೇ ತರಗತಿಯವರು. ವಿಷಯ ಪೌರತ್ವ ತಿದ್ದುಪಡಿ ಕಾಯ್ದೆ. ಅದು ಸಂಸತ್ತಿನಲ್ಲಿ ಪಾಸಾಗಿದ್ದು 2019ರ ಡಿಸೆಂಬರ್‌ನಲ್ಲಿ, ಜಾರಿಗೆ ಬಂದಿದ್ದು 2020ರ ಜನವರಿ 10ರಂದು. ದೇಶದ ತುಂಬ ಅದೇ ಮಾತು ನಡೆಯುತ್ತಿದ್ದ ದಿನಗಳು ಅವು. ಕಾಯ್ದೆ ಪೌರತ್ವ ಕೊಡಲಿಕ್ಕೇ ಹೊರತು ಕಸಿದುಕೊಳ್ಳಲಿಕ್ಕಲ್ಲ ಎಂದು ಸರ್ಕಾರ ಹೇಳುತ್ತಿತ್ತು. ಇದರ ಹಿಂದೆಯೇ ಪೌರತ್ವ ನೋಂದಣಿ ಬಂದರೆ ಅಪ್ಪ, ಅಜ್ಜನ ಕಾಲದ ಕಾಗದ ಎಲ್ಲಿಂದ ತರೋಣ ಎಂದು ಬಹಳಷ್ಟು ಮುಸ್ಲಿಂ ಕುಟುಂಬಗಳು ಹೆದರಿದ್ದವು.

ನಾಟಕದಲ್ಲಿ ಇದ್ದದ್ದು ಅದೇ ಹೆದರಿಕೆ. ಕಾಗದ ತೋರಿಸದಿದ್ದರೆ ದೇಶ ಬಿಡಬೇಕಾಗುತ್ತದೆ ಎಂಬ ಮಾತು ಅದರಲ್ಲಿತ್ತು. ಕಾಗದ ಕೇಳುವವರಿಗೆ ಚಪ್ಪಲಿಯಿಂದ ಹೊಡೆಯಬೇಕು ಎಂಬ ಅರ್ಥದ ಒಂದು ಮಾತೂ ಇತ್ತು. ಆ ಮಾತು ಪ್ರಧಾನಿಯವರಿಗೇ ತಾಕುವಂತಿತ್ತು.

ನಾಟಕ ನಡೆದದ್ದು ಶಾಲೆಯ ಆವರಣದಲ್ಲಿ. ಅಲ್ಲಿಗೇ ಮುಗಿದಿದ್ದರೆ ಅದನ್ನು ಬೀದರ್‌ನವರೇ ಮರೆತುಬಿಡುತ್ತಿದ್ದರು. ಆದರೆ ಅದರ ವಿಡಿಯೊ ಒಬ್ಬರ ಫೇಸ್‌ಬುಕ್ ಖಾತೆಗೆ ಹೋಯಿತು. ಐದು ದಿನಕ್ಕೆ, ಅಂದರೆ ಜನವರಿ 26ರಂದು, ನಗರದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ಭಾರತೀಯ ದಂಡ ಸಂಹಿತೆಯ 124ಎ, 153ಎ, 504 ಮತ್ತು 505(2) ಕಲಂಗಳನ್ನು ಹಾಕಿದರು. ಮೊದಲನೆಯದು ದೇಶದ್ರೋಹ. ಎರಡನೆಯದು ಕೋಮುಗಳ ನಡುವೆ ವೈರ ಬಿತ್ತುವುದು. ಮೂರನೆಯದು ಶಾಂತಿ ಕದಡುವಂತೆ ಬೇಕೆಂದೇ ಅವಮಾನ ಮಾಡುವುದು. ಕೊನೆಯದು ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಹೇಳಿಕೆ.

ಜನವರಿ 30ರಂದು ಇಬ್ಬರು ಹೆಣ್ಣುಮಕ್ಕಳ ಬಂಧನವಾಯಿತು. ಒಬ್ಬರು ಮುಖ್ಯ ಶಿಕ್ಷಕಿ. ಇನ್ನೊಬ್ಬರು ನಾಟಕದಲ್ಲಿದ್ದ ಹುಡುಗಿಯ ತಾಯಿ. ಅವರಿಗೆ ಜಾಮೀನು ಸಿಕ್ಕಿದ್ದು ಫೆಬ್ರುವರಿ 14ಕ್ಕೆ. ಅಲ್ಲಿಯವರೆಗೆ ಎರಡು ವಾರ ಆ ಹುಡುಗಿ ತಾಯಿಯಿಲ್ಲದೆ ಬೇರೆಯವರ ಆಸರೆಯಲ್ಲಿ ಇರಬೇಕಾಯಿತು. ಈ ನಡುವೆ ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ವಿಚಾರಿಸಿದರು.

ನಾನು ಕಲಬುರಗಿಯಲ್ಲಿ ಕಾನೂನು ಓದುವವರಿಗೆ ಪಾಠ ಮಾಡುತ್ತೇನೆ. ವಾಕ್ ಸ್ವಾತಂತ್ರ್ಯದ ಪಾಠ ಬಂದಾಗ ದೂರದ ಊರುಗಳ ಕೇಸುಗಳಿಗೆ ಹೋಗುವ ಮೊದಲು ಇದನ್ನೇ ಎತ್ತಿಕೊಳ್ಳುತ್ತೇನೆ. ನಮ್ಮದೇ ಭಾಗದ್ದು, ನಮ್ಮದೇ ಹೈಕೋರ್ಟ್ ಪೀಠದಲ್ಲಿ ತೀರ್ಮಾನವಾದದ್ದು. ಸಾಮಾಜಿಕ ಜಾಲತಾಣದಲ್ಲಿ ಯಾವುದು ಬರೀ ಕಹಿ ಮಾತು, ಯಾವುದು ದ್ವೇಷದ ಮಾತು ಎಂದು ಬೇರ್ಪಡಿಸಲು ಬೇಕಾದ ಎಲ್ಲವೂ ಇದರಲ್ಲಿ ಸಿಗುತ್ತದೆ.

ದೂರು ಕೊಟ್ಟವರ ಮಾತು

ದೂರನ್ನು ಸುಮ್ನೆ ತಳ್ಳಿಹಾಕಬಾರದು. ಅದರಲ್ಲಿ ಮೂರು ಆಕ್ಷೇಪಗಳಿದ್ದವು ಎಂದು ನಾನು ಓದಿಕೊಳ್ಳುತ್ತೇನೆ. ಪ್ರಧಾನಿಯವರಿಗೆ ಅವಮಾನವಾಗಿದೆ. ಕಾಯ್ದೆಯ ಬಗ್ಗೆ ತಪ್ಪು ತಿಳಿವಳಿಕೆ ಹಬ್ಬಿಸಿ ಒಂದು ಸಮುದಾಯವನ್ನು ಹೆದರಿಸಲಾಗಿದೆ. ಇದಕ್ಕೆ ಮಕ್ಕಳನ್ನು ಬಳಸಿಕೊಳ್ಳಲಾಗಿದೆ.

ಮೂರನೆಯದು ನನಗೂ ಗಂಭೀರ ಅನ್ನಿಸುತ್ತದೆ. ಹೊಡೆಯುವ ಮಾತು ಮಗುವಿನ ಬಾಯಲ್ಲಿ ಬಂದಾಗ ಶಿಕ್ಷಕರು ಅಲ್ಲೇ ತಡೆದು ತಿದ್ದಬೇಕಿತ್ತು. ನಾಟಕ ಕಟ್ಟುವಾಗಲೇ ಆ ಸಾಲು ತೆಗೆಯಬಹುದಿತ್ತು. ಭಯವನ್ನು ಹೇಳಲಿಕ್ಕೆ ಆ ಸಾಲು ಬೇಕಾಗಿರಲಿಲ್ಲ.

ಆದರೆ ತಪ್ಪು ಬೇರೆ, ಅಪರಾಧ ಬೇರೆ. ತರಗತಿಯಲ್ಲಿ ಈ ಪ್ರಶ್ನೆ ಇಟ್ಟಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಹೇಳಿದ್ದು ಹೀಗೆ: "ಸರ್, ಮಾತು ತಪ್ಪು ಖರೆ ಅದ. ಆದ್ರ ಜೈಲಿಗಿ ಹಾಕೋವಷ್ಟು ತಪ್ಪೇನ್ರಿ?" ಪ್ರಕರಣದ ಇಡೀ ತೂಕ ಆ ಪ್ರಶ್ನೆಯಲ್ಲೇ ಇದೆ.

ಕಾನೂನು ಇದಕ್ಕೆ ಉತ್ತರ ಕೊಟ್ಟು ಬಹಳ ವರ್ಷಗಳಾಗಿದ್ದವು. 1962ರ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ್ರೋಹದ ಕಲಮನ್ನು ಉಳಿಸಿಕೊಂಡಿತು, ಆದರೆ ಅದಕ್ಕೊಂದು ಗಡಿ ಹಾಕಿತು. ಹಿಂಸೆಗೆ ಇಲ್ಲವೇ ಸಾರ್ವಜನಿಕ ಅಶಾಂತಿಗೆ ಪ್ರಚೋದನೆ ಇದ್ದರೆ ಮಾತ್ರ ಈ ಕಲಂ. ಸರ್ಕಾರವನ್ನು ಎಷ್ಟೇ ಖಾರವಾಗಿ ಟೀಕಿಸಿದರೂ ಅದಷ್ಟೇ ದೇಶದ್ರೋಹ ಆಗುವುದಿಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಜಾಲತಾಣದಲ್ಲಿ ಕಿರಿಕಿರಿಯ ಮಾತು ಹಾಕಿದವರಿಗೂ ಶಿಕ್ಷೆ ಎನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದು ಮಾಡುವಾಗ ಕೋರ್ಟ್ ಇನ್ನಷ್ಟು ಬಿಡಿಸಿ ಹೇಳಿತು. ಒಂದು ವಿಷಯವನ್ನು ಚರ್ಚಿಸಬಹುದು. ಅದರ ಪರ ವಾದಿಸಬಹುದು, ಆ ವಾದ ಎಷ್ಟೇ ಜನಕ್ಕೆ ಹಿಡಿಸದಿದ್ದರೂ. ಪ್ರಚೋದನೆಯ ಮಟ್ಟಕ್ಕೆ ಹೋದಾಗಲೇ ಕಾನೂನು ಕೈ ಹಾಕಬೇಕು.

ಈ ಅಳತೆಯಲ್ಲಿ ಆ ಚಪ್ಪಲಿಯ ಮಾತನ್ನು ಇಟ್ಟು ನೋಡಿ. ನಮ್ಮ ಕಡೆ ಸಿಟ್ಟಿನಲ್ಲಿ "ಕಾಲಾಗಿಂದು ತಗದು ಹೊಡೀತೀನಿ ನೋಡು" ಅನ್ನುವುದನ್ನು ಸಂತೆಯಲ್ಲೂ ಓಣಿಯಲ್ಲೂ ಕೇಳುತ್ತಲೇ ಇರುತ್ತೇವೆ. ಒಳ್ಳೆಯ ಮಾತೇನಲ್ಲ. ಆದರೆ ಕೇಳಿದವರು ಅದನ್ನು ಬೈಗುಳ ಅಂತ ತಿಳಿಯುತ್ತಾರೆ. ಎದ್ದು ಬನ್ನಿ, ಹೊಡೆಯೋಣ ಎಂಬ ಕರೆ ಅಂತ ಯಾರೂ ತಿಳಿಯುವುದಿಲ್ಲ. ಅದೂ ಹತ್ತರ ಆಸುಪಾಸಿನ ಮಗು, ಶಾಲೆಯ ನಾಟಕದಲ್ಲಿ, ದೆಹಲಿಯಲ್ಲಿ ಭದ್ರತೆಯ ನಡುವೆ ಇರುವ ಪ್ರಧಾನಿಯ ಬಗ್ಗೆ ಹೇಳಿದರೆ ಅದರಿಂದ ಯಾರಿಗೆ ಅಪಾಯ?

ಕೋರ್ಟುಗಳು ಹೇಳಿದ್ದು

2020ರ ಮಾರ್ಚ್ ಮೊದಲ ವಾರದಲ್ಲಿ ಬೀದರ್ ಜಿಲ್ಲಾ ನ್ಯಾಯಾಲಯ ಶಾಲೆಯ ಆಡಳಿತ ಮಂಡಳಿಯವರಿಗೆ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಕೊಟ್ಟಿತು. ಮೇಲ್ನೋಟಕ್ಕೆ ಇಲ್ಲಿ ದೇಶದ್ರೋಹದ ಅಂಶ ಕಾಣುವುದಿಲ್ಲ, ನಾಟಕದಿಂದ ಸಮಾಜದಲ್ಲಿ ಸಾಮರಸ್ಯ ಕೆಟ್ಟಿಲ್ಲ ಎಂದು ನ್ಯಾಯಾಧೀಶರು ಬರೆದರು. ಕಾಗದ ತೋರಿಸದಿದ್ದರೆ ದೇಶ ಬಿಡಬೇಕಾಗುತ್ತದೆ ಎಂಬುದನ್ನಷ್ಟೇ ಮಕ್ಕಳು ಹೇಳಿದ್ದಾರೆ ಎಂಬುದು ಅವರ ಓದು. ಘಟನೆ ನಡೆದು ಆರು ವಾರವಷ್ಟೇ ಆಗಿತ್ತು. ಅದೇ ಊರಿನ ಕೋರ್ಟ್, ಅದೇ ವಿಡಿಯೊ. ಪೊಲೀಸರಿಗೆ ಕಾಣದ್ದು ನ್ಯಾಯಾಧೀಶರಿಗೆ ಕಂಡಿತು. ಆದರೂ ಪ್ರಕರಣ ಮುಗಿಯಲಿಲ್ಲ.

ಮಕ್ಕಳ ವಿಚಾರಣೆಯ ಪ್ರಶ್ನೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟ್ ಮುಂದೆ ಹೋಯಿತು. 2021ರ ಆಗಸ್ಟ್‌ನಲ್ಲಿ ಪೀಠ ಫೋಟೊಗಳನ್ನು ನೋಡಿತು. ಸಮವಸ್ತ್ರದಲ್ಲಿದ್ದ ಪೊಲೀಸರು ಮಕ್ಕಳನ್ನು ಪ್ರಶ್ನಿಸುತ್ತಿರುವುದು ಅವುಗಳಲ್ಲಿತ್ತು. ಇದು ಮೇಲ್ನೋಟಕ್ಕೆ ಬಾಲನ್ಯಾಯ ಕಾನೂನಿನ ಮತ್ತು ಮಕ್ಕಳ ಹಕ್ಕಿನ ಉಲ್ಲಂಘನೆ ಎಂದು ಪೀಠ ಹೇಳಿತು. ಮಕ್ಕಳನ್ನು ಬಳಸಿಕೊಂಡಿದ್ದಾರೆ ಎಂಬ ದೂರಿನ ತನಿಖೆಯಲ್ಲೇ ಮಕ್ಕಳಿಗೆ ಇಷ್ಟು ಭಯ ಹುಟ್ಟಿಸಿದ್ದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಕೊನೆಯ ಮಾತು ಬಂದಿದ್ದು 2023ರ ಜೂನ್ 14ರಂದು. ಆಡಳಿತ ಮಂಡಳಿಯ ನಾಲ್ವರು ಹಾಕಿದ್ದ ಅರ್ಜಿಯ ಮೇಲೆ ಹೈಕೋರ್ಟ್‌ನ ಕಲಬುರಗಿ ಪೀಠದ ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ ಪ್ರಕರಣವನ್ನು ರದ್ದು ಮಾಡಿದರು. ಈ ಪೀಠ ಖಾಯಂ ಆಗಿದ್ದು 2013ರಲ್ಲಿ. ಅದಿಲ್ಲದ ಕಾಲದಲ್ಲಿ ಬೀದರ್‌ನವರು ಇಂಥದ್ದಕ್ಕೆ ಬೆಂಗಳೂರಿಗೇ ಓಡಾಡಬೇಕಿತ್ತು ಎಂಬುದನ್ನು ನಾವು ಮರೆಯಬಾರದು.

ಆ ಆದೇಶದಲ್ಲಿ ಎರಡು ಮಾತು ಒಟ್ಟಿಗೆ ಇವೆ, ಎರಡನ್ನೂ ಓದಬೇಕು. ಪ್ರಧಾನಿಗೆ ಚಪ್ಪಲಿಯಿಂದ ಹೊಡೆಯಬೇಕು ಎನ್ನುವುದು ಅವಹೇಳನದ ಮಾತು, ಬೇಜವಾಬ್ದಾರಿಯ ಮಾತು. ಸರ್ಕಾರದ ನೀತಿಯನ್ನು ಟೀಕಿಸಬಹುದು, ಆದರೆ ಅದಕ್ಕಾಗಿ ಸಾಂವಿಧಾನಿಕ ಸ್ಥಾನದಲ್ಲಿ ಇರುವವರನ್ನು ಅವಮಾನಿಸಬಾರದು. ಇದು ಒಂದು. ನಾಟಕ ನಡೆದದ್ದು ಶಾಲೆಯ ಆವರಣದೊಳಗೆ, ಹಿಂಸೆಗೆ ಇಳಿಯಿರಿ ಎಂದು ಜನರನ್ನು ಪ್ರಚೋದಿಸುವ ಮಾತು ಮಕ್ಕಳು ಆಡಿಲ್ಲ, ಇನ್ನೊಂದು ಧರ್ಮದವರ ಮೇಲೆ ದ್ವೇಷ ಹುಟ್ಟಿಸಿದ್ದಕ್ಕೂ ಆಧಾರವಿಲ್ಲ. ಹಾಗಾಗಿ ದೇಶದ್ರೋಹವೂ ಇಲ್ಲ, 153ಎ ಕೂಡ ಇಲ್ಲ. ಇದು ಎರಡನೆಯದು. ಮಾತು ಕೆಟ್ಟದ್ದು ಎಂದು ಹೇಳಿಯೂ ಅಪರಾಧ ಅಲ್ಲ ಎನ್ನುವ ಈ ಧೈರ್ಯ ಒಂದು ಠಾಣೆಯ ಮೇಜಿನ ಮೇಲೇ ಇದ್ದಿದ್ದರೆ ಮೂರು ವರ್ಷ ನಾಲ್ಕು ತಿಂಗಳ ಅಲೆದಾಟ ಉಳಿಯುತ್ತಿತ್ತು.

ಆದೇಶದಲ್ಲಿ ಫೇಸ್‌ಬುಕ್ ಬಗ್ಗೆ ಒಂದು ಸಾಲು ಇದೆ. ವಿಡಿಯೊ ಖಾತೆಗೆ ಹಾಕಿದ ಮೇಲೆಯೇ ನಾಟಕ ಸಾರ್ವಜನಿಕರ ಮುಂದೆ ಬಂತು, ಆದ್ದರಿಂದ ಜನರನ್ನು ಕೆರಳಿಸಲೆಂದೇ ನಾಟಕ ಆಡಿಸಿದರು ಎನ್ನಲಾಗದು ಎಂಬ ಅರ್ಥದ್ದು. ಇದು ಬಹಳ ಉಪಯೋಗದ ಗೆರೆ. ನಾಟಕ ಬರೆಯುವುದು ಒಂದು ಕೆಲಸ, ಆಡುವುದು ಇನ್ನೊಂದು, ಮೊಬೈಲ್‌ನಲ್ಲಿ ಲೋಕಕ್ಕೆಲ್ಲ ತೋರಿಸುವುದು ಮತ್ತೊಂದು. ಪ್ರತಿಯೊಬ್ಬರ ಉದ್ದೇಶವನ್ನು ಬೇರೆ ಬೇರೆಯಾಗಿ ನೋಡಬೇಕು. ಪೊಲೀಸರು ಎಲ್ಲವನ್ನೂ ಒಂದೇ ಗಂಟು ಕಟ್ಟಿದರು.

ಅದೇ ಆದೇಶದಲ್ಲಿ ಶಾಲೆಗಳಿಗೆ ಒಂದು ಸಲಹೆಯೂ ಇದೆ. ಮಕ್ಕಳನ್ನು ಸರ್ಕಾರದ ನೀತಿ ಟೀಕೆಯಿಂದ ದೂರ ಇಡಿ, ಓದಿಗೆ ನೆರವಾಗುವ ವಿಷಯಗಳ ಮೇಲೆ ನಾಟಕ ಮಾಡಿಸಿ ಎಂದು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮನೆಯಲ್ಲಿ ರಾತ್ರಿ ದೊಡ್ಡವರು ಕಾಗದಪತ್ರ ಹುಡುಕುತ್ತ ಕೂತಿದ್ದನ್ನು ನೋಡಿದ ಮಗುವಿಗೆ ಆ ವಿಷಯ ಆಗಲೇ ಗೊತ್ತಿರುತ್ತದೆ. ಅದನ್ನು ಬೈಗುಳವಿಲ್ಲದೆ ಹೇಳುವುದು ಹೇಗೆ ಎಂದು ಕಲಿಸುವ ಜಾಗ ಶಾಲೆಯೇ ಅಲ್ವಾ?

ಮುರ್ಕಿಯಲ್ಲಿ ನಡೆದದ್ದು

ಶಾಲೆಯ ಪ್ರಕರಣವನ್ನು ಒಂಟಿಯಾಗಿ ನೋಡಿದರೆ ವಾಕ್ ಸ್ವಾತಂತ್ರ್ಯವೇ ದೊಡ್ಡದು, ಪೊಲೀಸರು ಎಲ್ಲದರಿಂದ ದೂರ ಇರಲಿ ಅನ್ನಿಸಬಹುದು. ಅದಕ್ಕೇ ನಾನು ಅದೇ ಜಿಲ್ಲೆಯ ಇನ್ನೊಂದು ಘಟನೆಯನ್ನು ಪಕ್ಕದಲ್ಲಿ ಇಡುತ್ತೇನೆ. ಅದು ನಡೆದದ್ದು ಶಾಲೆಯ ನಾಟಕಕ್ಕಿಂತ ಒಂದೂವರೆ ವರ್ಷ ಮೊದಲು.

2018ರ ಜುಲೈ 13ರಂದು ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಗೆಳೆಯರೊಂದಿಗೆ ಔರಾದ್ ಕಡೆಗೆ ಬಂದಿದ್ದರು. ಜೊತೆಗಿದ್ದವರಲ್ಲಿ ಒಬ್ಬರು ಕತಾರ್‌ನವರು. ದಾರಿಯಲ್ಲಿ ಹಂದಿಕೇರಾ ಹತ್ತಿರ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆ ತಿಂಗಳುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಊರೂರು ಸುತ್ತುತ್ತಿತ್ತು. ಜನ ಅನುಮಾನಪಟ್ಟು ಸುತ್ತುವರಿದರು. ಇವರು ಹೆದರಿ ಕಾರು ಓಡಿಸಿದರು. ಆದರೆ ಕಾರಿಗಿಂತ ಮುಂಚೆ ವಿಡಿಯೊ, ಮೆಸೇಜು ಮುರ್ಕಿ ಎಂಬ ಊರಿಗೆ ತಲುಪಿದವು. ಅಲ್ಲಿ ರಸ್ತೆ ಅಡ್ಡಗಟ್ಟಿದರು. ಕಾರು ಉರುಳಿತು. ಗುಂಪು ಸೇರಿ ಹೊಡೆಯಿತು. ತಡೆಯಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ಯುವಕ ಸತ್ತೇಹೋದರು.

ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತರುವುದಾಗಿ ಹೇಳಿತು. ದೇಶದ ಬೇರೆ ಬೇರೆ ಕಡೆ ಇಂಥ ಸಾವುಗಳು ಆಗಿದ್ದವು. ಮುರ್ಕಿ ಅದರಲ್ಲಿ ಒಂದು.

ಈಗ ಎರಡನ್ನೂ ಹೋಲಿಸಿ. ಮುರ್ಕಿಯ ಮೆಸೇಜಿನಲ್ಲಿ ಬೈಗುಳ ಇದ್ದಿರಲೇಬೇಕೆಂದಿಲ್ಲ. "ಮಕ್ಕಳ ಕಳ್ಳರು, ಈ ಕಾರಿನಲ್ಲಿ ಬರ್ತಿದ್ದಾರೆ, ಹಿಡೀರಿ" ಎಂದರೆ ಸಾಕು. ದೊಡ್ಡವರ ಹೆಸರು ಇಲ್ಲ, ದೇಶದ ಹೆಸರು ಇಲ್ಲ. ಯಾರ ಭಾವನೆಗೂ ಧಕ್ಕೆ ಇಲ್ಲ. ಆದರೆ ಅದರಲ್ಲಿ ಗುರಿ ಇತ್ತು. ಆ ಗುರಿ ಇನ್ನು ಹತ್ತು ನಿಮಿಷದಲ್ಲಿ ಕೈಗೆ ಸಿಗುವಂಥ ಮನುಷ್ಯ. ಓದಿದವರ ಕೈಯಲ್ಲಿ ಕಲ್ಲು ಇತ್ತು. ಶಾಲೆಯ ನಾಟಕದಲ್ಲಿ ಕಿವಿಗೆ ಚುಚ್ಚುವ ಮಾತು ಇತ್ತು, ಅಪಾಯದಲ್ಲಿ ಇದ್ದವರು ಯಾರೂ ಇರಲಿಲ್ಲ.

ನಾವು ಯಾವಾಗಲೂ ಕೇಳುವ ಪ್ರಶ್ನೆ ಯಾರ ಮನಸ್ಸಿಗೆ ನೋವಾಯಿತು ಎಂಬುದು. ಕೇಳಬೇಕಾದ್ದು ಆ ಮಾತಿನಿಂದ ಯಾರು ಬೀದಿಗೆ ಇಳಿಯಲು ಹೆದರುವಂತಾಯಿತು ಎಂಬುದು. ದೂರು ಕೊಡಲು ಜನ ಬೇಗ ಬರುವುದು ಮೊದಲನೆಯದಕ್ಕೆ, ಜೀವ ಹೋಗುವುದು ಎರಡನೆಯದರಲ್ಲಿ.

ಹಾಗಂತ ಸಾವು ಆದ ಮೇಲೆಯೇ ದ್ವೇಷ ಭಾಷಣ ಅನ್ನಬೇಕು ಎಂದು ನಾನು ಹೇಳುತ್ತಿಲ್ಲ. ತರಗತಿಯಲ್ಲಿ ಆ ನಾಟಕದ ಸಾಲನ್ನೇ ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಬೇರೊಂದು ಶಾಲೆಯಲ್ಲಿ, ಬೇರೊಂದು ನಾಟಕದಲ್ಲಿ, ಮಗು ಪ್ರಧಾನಿಯ ಬದಲು "ಆ ಧರ್ಮದವರನ್ನು, ಆ ಜಾತಿಯವರನ್ನು ಚಪ್ಪಲಿಯಿಂದ ಹೊಡೀಬೇಕು" ಅಂದಿದ್ದರೆ? ಒಂದೇ ಸಾಲು, ಗುರಿ ಮಾತ್ರ ಬೇರೆ. ನಾನಿದನ್ನು ದ್ವೇಷದ ಮಾತು ಎಂದೇ ಕರೆಯುತ್ತೇನೆ, ಯಾರಿಗೂ ಒಂದು ಪೆಟ್ಟೂ ಬೀಳದಿದ್ದರೂ. ಪ್ರಧಾನಿ ಒಂದು ಸ್ಥಾನ. ಟೀಕೆ, ಬೈಗುಳ ಎರಡನ್ನೂ ತಡೆದುಕೊಳ್ಳುವ ಬಲ ಅದಕ್ಕಿದೆ. ಒಂದು ಓಣಿಯಲ್ಲಿ ಬಾಳುವ ನಾಲ್ಕು ಮನೆಗಳಿಗೆ ಆ ಬಲ ಇಲ್ಲ. ಮರುದಿನ ಅವರ ಮಕ್ಕಳು ಅದೇ ಬೆಂಚಿನಲ್ಲಿ ಕೂರಬೇಕು.

ಫೇಸ್‌ಬುಕ್ಕಿನ ಸ್ವಂತ ನಿಯಮವೂ ಹೆಚ್ಚುಕಡಿಮೆ ಹೀಗೇ ಇದೆ. ಧರ್ಮ, ಜಾತಿ, ಜನಾಂಗ, ಲಿಂಗ, ಅಂಗವೈಕಲ್ಯದಂಥ ಗುರುತಿನ ಕಾರಣಕ್ಕೆ ಮನುಷ್ಯರ ಮೇಲೆ ಮಾಡುವ ದಾಳಿಯನ್ನು ಅದು ದ್ವೇಷ ಎನ್ನುತ್ತದೆ. ಸರ್ಕಾರ, ಕಾಯ್ದೆ, ಸಂಸ್ಥೆಗಳ ಮೇಲಿನ ಸಿಟ್ಟು ಆ ಪಟ್ಟಿಯಲ್ಲಿ ಬರುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಟಿವಿ ನಿರೂಪಕ ಅಮಿಶ್ ದೇವಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಬರೀ ಪದ ನೋಡಬೇಡಿ ಎಂದಿತು. ಹೇಳಿದವರು ಯಾರು, ಅವರ ಮಾತಿಗೆ ಎಷ್ಟು ಜನ ಕಿವಿಗೊಡುತ್ತಾರೆ, ಯಾವ ಸಂದರ್ಭ, ಉದ್ದೇಶ ಏನು, ಗುರಿಯಾದ ಗುಂಪಿನ ಘನತೆಗೆ ಏನಾಗುತ್ತದೆ ಎಂದೆಲ್ಲ ನೋಡಬೇಕು. ಲಕ್ಷಗಟ್ಟಲೆ ಹಿಂಬಾಲಕರು ಇರುವ ನಾಯಕನಿಗೂ ಐದನೇ ತರಗತಿಯ ಹುಡುಗಿಗೂ ಒಂದೇ ತಕ್ಕಡಿ ಹಿಡಿಯಲಾಗದು.

ಇದು ನಮ್ಮವರಿಗೂ ಅನ್ವಯಿಸಬೇಕು. ಶಾಲೆಯ ಪರ ನಿಂತವರಲ್ಲಿ ಕೆಲವರು, ತಮಗೆ ಹಿಡಿಸದ ನಾಯಕನ ಅಭಿಮಾನಿ ಏನೋ ಒಂದು ಪೋಸ್ಟ್ ಹಾಕಿದರೆ "ಕೇಸ್ ಹಾಕ್ರಿ" ಎಂದು ಠಾಣೆಯ ಖಾತೆಗೆ ಟ್ಯಾಗ್ ಮಾಡುವುದನ್ನು ನೋಡಿದ್ದೇನೆ. ನಾಯಕನಿಗೆ ಬೈದದ್ದಕ್ಕೆ ಜೈಲು ಬೇಡ ಎಂದರೆ ಯಾವ ನಾಯಕನಿಗೆ ಬೈದರೂ ಬೇಡ.

ಬೇರೆ ದಾರಿ ಇತ್ತೇ?

ಇತ್ತು. ವಿಡಿಯೊ ನೋಡಿ ಬೇಸರಗೊಂಡವರು ಶಾಲೆಗೆ ಬರೆಯಬಹುದಿತ್ತು. ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ದೂರು ಕೊಡಬಹುದಿತ್ತು. ಅವರು ಶಾಲೆಗೆ ನೋಟಿಸ್ ಕೊಟ್ಟು ಉತ್ತರ ಕೇಳುತ್ತಿದ್ದರು. ಮಕ್ಕಳ ಬಗ್ಗೆ ಕಾಳಜಿ ಇದ್ದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇದೆ. ಫೇಸ್‌ಬುಕ್‌ಗೇ ರಿಪೋರ್ಟ್ ಮಾಡಬಹುದಿತ್ತು. 2021ರ ಐಟಿ ನಿಯಮಗಳು ಬಂದ ಮೇಲಂತೂ ಕಂಪನಿಯ ಕುಂದುಕೊರತೆ ಅಧಿಕಾರಿ ದೂರನ್ನು 24 ಗಂಟೆಯಲ್ಲಿ ಸ್ವೀಕರಿಸಿ ನಿಗದಿಯಾದ ಗಡುವಿನೊಳಗೆ ತೀರ್ಮಾನಿಸಬೇಕು.

ಇದ್ಯಾವುದೂ ಪೇಪರಿನ ಮೊದಲ ಪುಟಕ್ಕೆ ಬರುವುದಿಲ್ಲ, ನಿಜ. ಎಫ್‌ಐಆರ್‌ಗೆ ಇರುವ ಸೆಳೆತ ಅದೇ. ಎಫ್‌ಐಆರ್ ಆದ ಕೂಡಲೇ ಶಿಕ್ಷೆ ಶುರುವಾಗುತ್ತದೆ. ವಕೀಲರ ಫೀಸು, ಜಾಮೀನಿನ ಓಡಾಟ, ಊರಿನವರ ನೋಟ. ಮೂರು ವರ್ಷದ ನಂತರ ಬರುವ ರದ್ದತಿ ಆದೇಶ ಇದನ್ನೆಲ್ಲ ವಾಪಸ್ ಕೊಡುವುದಿಲ್ಲ.

ಅಲ್ಲಿಂದ ಈಚೆಗೆ ಕಾನೂನು ಬದಲಾಗಿದೆ. 2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎ ಬಳಕೆಗೆ ತಡೆ ಹಾಕಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 153ಎ ಈಗ 196, ಹಳೆಯ 505 ಈಗ 353. ದೇಶದ್ರೋಹ ಎಂಬ ಹೆಸರು ಹೋಗಿದೆ, ಆದರೆ ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರುವ ಕೃತ್ಯಕ್ಕೆ 152 ಎಂಬ ಹೊಸ ಕಲಂ ಇದೆ. 2025ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ಎರಡೂ ಸದನಗಳಲ್ಲಿ ಪಾಸಾಯಿತು. ಮುರ್ಕಿಯಂಥ ಸಾವು ನೋಡಿದ ಜಿಲ್ಲೆಯವರಾಗಿ ಅದರ ಉದ್ದೇಶ ನಮಗೆ ಅರ್ಥವಾಗುತ್ತದೆ. ಆದರೆ ಶಾಲೆಯ ಪ್ರಕರಣ ನೋಡಿದವರಾಗಿ ವೈಮನಸ್ಸು, ಅಸಾಮರಸ್ಯದಂಥ ಅಗಲವಾದ ಪದಗಳ ಬಗ್ಗೆ ಹೆದರಿಕೆಯೂ ಆಗುತ್ತದೆ. ಆ ಪದಗಳನ್ನು ಅಳೆಯುವವರು ಮೊದಲು ಠಾಣೆಯಲ್ಲೇ ಕೂತಿರುತ್ತಾರೆ.

ಈಗ ಇಂಥ ಒಂದು ವಿಡಿಯೊ ಹಿಡಿದು ಯಾರಾದರೂ ಠಾಣೆಗೆ ಹೋದರೆ ಏನಾಗಬೇಕು? ಪೊಲೀಸರು, ಕೋರ್ಟುಗಳು ಅನುಸರಿಸಬೇಕಾದ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3) ಇದಕ್ಕೆ ದಾರಿ ಕೊಟ್ಟಿದೆ. ಮೂರು ವರ್ಷದಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧ ಎಂಬ ದೂರಿದ್ದರೆ, ಎಫ್‌ಐಆರ್ ಹಾಕುವ ಮೊದಲು ಡಿವೈಎಸ್‌ಪಿ ಅನುಮತಿ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದು. 2025ರ ಮಾರ್ಚ್ 28ರಂದು ಕವಿ, ಸಂಸದ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾತಿಗೆ ಸಂಬಂಧಿಸಿದ ದೂರುಗಳಲ್ಲಿ ಪೊಲೀಸರು ಈ ದಾರಿ ಬಳಸುವುದೇ ಸರಿ ಎಂದಿತು. ಮಾತನ್ನು ಗಟ್ಟಿ ಮನಸ್ಸಿನ, ವಿವೇಕದ ಮನುಷ್ಯನ ಕಿವಿಯಿಂದ ಕೇಳಬೇಕು, ಎಲ್ಲದರಲ್ಲೂ ಅಪಾಯ ಕಾಣುವವನ ಕಿವಿಯಿಂದಲ್ಲ ಎಂದೂ ಹೇಳಿತು.

ಒಂದು ತೊಡಕು ಉಳಿದಿದೆ. 196, 353ಕ್ಕೆ ಮೂರು ವರ್ಷದವರೆಗೆ ಶಿಕ್ಷೆ, ಹಾಗಾಗಿ ಅವು 173(3)ರ ಒಳಗೆ ಬರುತ್ತವೆ. 152ಕ್ಕೆ ಏಳು ವರ್ಷ, ಇಲ್ಲವೇ ಜೀವಾವಧಿ. ದೂರಿನಲ್ಲಿ ಅದೊಂದನ್ನು ಸೇರಿಸಿದರೆ ಪ್ರಾಥಮಿಕ ವಿಚಾರಣೆಯ ಬಾಗಿಲೇ ಮುಚ್ಚುತ್ತದೆ. ಬೀದರ್‌ನಲ್ಲಿ 2020ರಲ್ಲಿ 124ಎ ಸೇರಿಸಿದಾಗ ಪ್ರಕರಣದ ತೂಕ ಒಂದೇ ಏಟಿಗೆ ಬದಲಾಗಿತ್ತು, ಇಲ್ಲೂ ಹಾಗೇ ಆಗಬಹುದು. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಪೋಸ್ಟ್, ವಿಡಿಯೊ, ನಾಟಕ ಯಾವುದರ ಮೇಲಿನ ಕೇಸು ನಿಮ್ಮ ಕೈಗೆ ಬಂದರೂ ಮೊದಲು 152 ಹಾಕಿದ್ದಾರಾ ನೋಡಿ. ಹಾಕಿದ್ದರೆ ಹಿಂಸೆಗೆ ಕರೆ ಎಲ್ಲಿದೆ, ಅದರ ಗುರಿ ಯಾರು ಎಂದು ಆ ಮಾತಿನ ಮೇಲೆ ಬೆರಳಿಟ್ಟು ತೋರಿಸಲು ತನಿಖಾಧಿಕಾರಿಯನ್ನು ಕೇಳಿ. ತೋರಿಸಲಾಗದಿದ್ದರೆ ಆ ಕಲಂ ತೆಗೆಸುವ ಅರ್ಜಿಯನ್ನೇ ಮೊದಲು ಬರೆಯಿರಿ.